ಹಿಮದ ಮೊಲವೂ ಹೆಸರಘಟ್ಟದ ಗೀಜಗವೂ

ಉತ್ತರದ ಹಿಮಪ್ರದೇಶದ ಮೊಲವು ಚಳಿಗಾಲದಲ್ಲಿ ಬೆಳ್ಳಗಾಗುವುದನ್ನು ಸೃಷ್ಟಿಯ ದೃಷ್ಟಾಂತವೆಂದು ನಮ್ಮ ಭಾಷಣಕಾರರು ಆಗಾಗ ಉಲ್ಲೇಖಿಸುತ್ತಾರೆ. ಉಲ್ಲೇಖಿಸಲಿ. ಆದರೆ ಸಾವಿರಾರು ಮೈಲಿ ದೂರದ ಹಿಮಕ್ಕೆ ತಲೆದೂಗುವ ನಾವು, ಯಲಹಂಕದಾಚೆಯ ಹೆಸರಘಟ್ಟದ ಹುಲ್ಲುಗಾವಲನ್ನು ಮಾತ್ರ 'ಖಾಲಿ ಜಾಗ' ಎನ್ನುತ್ತೇವೆ. ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ಮೊದಲು ಆ ದೃಷ್ಟಾಂತವನ್ನೇ ಸರಿಯಾಗಿ ಅರಿಯೋಣ. ಮೊಲವು ಹಿಮವನ್ನು ನೋಡಿ ಬಣ್ಣ ಬದಲಿಸುವುದಿಲ್ಲ. ರೋಮವು ನಿರ್ಜೀವ ವಸ್ತು. ಬೆಳೆದ ಮೇಲೆ ಅದು ತಾನಾಗಿ ಬಣ್ಣ ಬದಲಿಸಲಾರದು. ಹಳೆಯ ಕಂದು ರೋಮ ಉದುರಿ, ಮೆಲನಿನ್ ಎಂಬ ವರ್ಣದ್ರವ್ಯವಿಲ್ಲದ ಬಿಳಿ ರೋಮ ಹುಟ್ಟುತ್ತದೆ. ಇದಕ್ಕೆ ಸೂಚನೆ ಕೊಡುವುದು ಕಿರಿದಾಗುವ ಹಗಲು. ರಾತ್ರಿ ದೀರ್ಘವಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಅನ್ನು ಹೆಚ್ಚು ಹೊತ್ತು ಸ್ರವಿಸುತ್ತದೆ, ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಇಳಿಯುತ್ತದೆ, ಚಳಿಗಾಲದ ಹೊದಿಕೆ ಬೆಳೆಯುತ್ತದೆ. ಆದುದರಿಂದಲೇ ಹಿಮ ತಡವಾಗಿ ಬೀಳುವ ವರ್ಷಗಳಲ್ಲಿ ಉತ್ತರ ಅಮೆರಿಕದ ಮೊಲವು ಕಂದು ನೆಲದ ಮೇಲೆ ಬೆಳ್ಳಗೆ ಕುಳಿತು ಬೇಟೆಗೆ ಸುಲಭ ತುತ್ತಾಗುತ್ತದೆ. ಅದರ ಕಾಲಗಣನೆ ತಪ್ಪಿಲ್ಲ. ಭೂಮಿಯನ್ನು ಬಿಸಿಮಾಡಿದವರು ಮನುಷ್ಯರು.

ಈಗ ಹೆಸರಘಟ್ಟಕ್ಕೆ ಬನ್ನಿ. ಚಳಿಗಾಲದಲ್ಲಿ ಗಂಡು ಗೀಜಗವನ್ನು ಗುಬ್ಬಿಯೆಂದೇ ಭ್ರಮಿಸಬೇಕು. ಮುಂಗಾರಿನ ಹೊತ್ತಿಗೆ ಹಳೆಯ ಗರಿ ಉದುರಿ ಅದರ ನೆತ್ತಿ ಹೊಳೆಯುವ ಹಳದಿಯಾಗುತ್ತದೆ. ಕೆರೆಯಂಚಿನಲ್ಲಿ ಮಣ್ಣಿನ ಬಣ್ಣದಲ್ಲಿ ಅಡಗಿರುವ ಕೊಳದ ಬಕದ ಬೆನ್ನು ಕೆಂಗಂದಾಗುತ್ತದೆ. ಬೆಳ್ಳಕ್ಕಿಗಳಲ್ಲಿ ದನಗಳ ಹಿಂದೆ ಅಲೆಯುವ ಜಾತಿಯ ತಲೆ, ಕೊರಳುಗಳಿಗೆ ಕಿತ್ತಳೆ ಬಣ್ಣ ಏರುತ್ತದೆ. ಮೊಲದ ಬಿಳುಪು ಅಡಗುವುದಕ್ಕೆ, ಗೀಜಗದ ಹಳದಿ ಸಂಗಾತಿಗೆ ಕಾಣಿಸಿಕೊಳ್ಳುವುದಕ್ಕೆ. ನಮ್ಮಲ್ಲಿ ಅತಿ ದೀರ್ಘ ಹಗಲಿಗೂ ಅತಿ ಕಿರಿಯ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಳದಿ ಬಂದರಷ್ಟೇ ಸಾಲದು, ಗೂಡು ಹೆಣೆಯಲು ಮಳೆಯಿಂದ ಎತ್ತರಕ್ಕೆ ಬೆಳೆದ ಹಸಿ ಹುಲ್ಲೂ ಬೇಕು.

ಆ ಹುಲ್ಲಿಗೂ ಋತುಮಾನದ ಬಣ್ಣವಿದೆ. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಂದು. ಆ ಕಂದನ್ನು ಕಂಡೊಡನೆ 'ಬರಡು' ಎಂದು ತೀರ್ಪು ನೀಡುವವರೇ ಅಲ್ಲಿ ಚಿತ್ರನಗರಿಯ ಕನಸು ಕಂಡರು. ಸಂರಕ್ಷಣಾ ಮೀಸಲು ಪ್ರದೇಶದ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು. 2024ರಲ್ಲಿ ಐದು ಸಾವಿರಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ನೀಡಿತು. 1894ರಲ್ಲಿ ಅರ್ಕಾವತಿಗೆ ಕಟ್ಟಿದ ಈ ಕೆರೆಯ ನೀರು ಕುಡಿದು ಬೆಳೆದ ನಗರಕ್ಕೆ ಇಷ್ಟು ತಡವಾಗಬೇಕಿತ್ತೇ?

ಚಿತ್ರನಗರಿಯವರನ್ನು ದೂರುವುದು ಸುಲಭ. ಬಯಲು ಕಂಡಲ್ಲೆಲ್ಲ ಸಸಿ ನೆಡಲು ಹೊರಡುವ ಸದುದ್ದೇಶದವರೂ ಇದೇ ತಪ್ಪು ಮಾಡುತ್ತಾರೆ. ಸಸಿ ನೆಡುವುದು ಸತ್ಕರ್ಮವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮರದ ನೆರಳಿನಲ್ಲಿ ಬಯಲಿನ ಹುಲ್ಲು ಸೊರಗುತ್ತದೆ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ನೆಲೆ ಕಳೆದುಕೊಳ್ಳುತ್ತವೆ. ನಮ್ಮ ಸಂಘಟನೆಗಳು ಈ ಮುಂಗಾರಿನಲ್ಲಿ ಬಡಾವಣೆಯ ರಸ್ತೆಬದಿಯಲ್ಲಿ, ಶಾಲೆಯಂಗಳದಲ್ಲಿ, ಖಬರಸ್ತಾನದ ಅಂಚಿನಲ್ಲಿ ಸಸಿ ನೆಡಲಿ. ಹೆಸರಘಟ್ಟದ ಬಯಲಿನಲ್ಲಿ ಗುಂಡಿ ತೋಡುವುದು ಬೇಡ.