ಅವ್ವನ ಮೊಣಕಾಲಿಗೆ ರೋಬೋಟೇ ಬೇಕಾ?

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಊರಿಗೆ ಹೋಗಿದ್ದೆ. ನಮ್ಮೂರು ನಾರಾಯಣಪುರ, ಬಸವಕಲ್ಯಾಣದ ಬಗಲಲ್ಲೇ ಇದೆ. ಚಾಲುಕ್ಯರ ಕಾಲದ ಶಿವಾಲಯ ಇರೋ ಊರು ಅಂದ್ರೆ ನಿಮ್ಮಲ್ಲಿ ಕೆಲವರಿಗಾದ್ರೂ ಗೊತ್ತಾಗಬಹುದು. ಈ ಸಲ ಹೋಗಿದ್ದು ಅವ್ವನ ಮೊಣಕಾಲಿನ ಸಲುವಾಗಿ. ನಲವತ್ತು ವರ್ಷ ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆದ ಕಾಲುಗಳವು. ಎರಡೂ ಸವೆದಿವೆ. ಬದಲಿ ಮಾಡಿಸಲೇಬೇಕು ಅಂತ ಇಬ್ಬರು ಡಾಕ್ಟರು ಹೇಳಿದ್ದಾರೆ. ಅದರಲ್ಲಿ ನನ್ನ ತಕರಾರಿಲ್ಲ.

ತಕರಾರು ಶುರುವಾಗಿದ್ದು ಆಮೇಲೆ. ಒಂದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಕರಕೊಂಡು ಹೋದೆವು. ಹೆಸರು ಬೇಡ. ಡಾಕ್ಟರು ಐದು ನಿಮಿಷ ನೋಡಿದರು. ಆಮೇಲೆ ಎಸಿ ರೂಮಿನಲ್ಲಿ ಒಬ್ಬ ಹುಡುಗಿ ಲ್ಯಾಪ್‌ಟಾಪಲ್ಲಿ ವಿಡಿಯೋ ತೋರಿಸಿ ಅರ್ಧ ಗಂಟೆ ಮಾತಾಡಿದಳು. ಸಾದಾ ಆಪರೇಷನ್ ಆದ್ರೆ ಇಷ್ಟು, ರೋಬೋಟ್ ಆದ್ರೆ ಒಂದೊಂದು ಕಾಲಿಗೆ ಮೇಲೆ ಇನ್ನೊಂದು ಲಕ್ಷ. ಅವ್ವ ಎಲ್ಲಾ ಕೇಳಿ ಒಂದೇ ಪ್ರಶ್ನೆ ಹಾಕಿದಳು:

"ಯವ್ವಾ, ಆ ಮಶೀನ್ ಮಾಡಿದ್ರ ನಾ ನೆಲದಾಗ ಕುಂತು ರೊಟ್ಟಿ ಬಡೀಲಾಕ ಬರ್ತದೇನು?"

ಹುಡುಗಿ ತಡವರಿಸಿದಳು. ನೆಲದ ಮೇಲೆ ಕೂರೋದು, ಚಕ್ಕಲಮಕ್ಕಳ ಹಾಕೋದು ಬೇಡ ಅಂತಲೇ ಹೇಳ್ತೀವಿ, ರೋಬೋಟ್ ಆದ್ರೂ ಅಷ್ಟೇ ಅಂದಳು. "ಮತ್ತ ಒಂದ್ ಲಕ್ಷ ಯಾಕ?" ಅಂದಳು ಅವ್ವ. ಉತ್ತರ ಬರಲಿಲ್ಲ. ಆ ಉತ್ತರ ಹುಡುಕಿಕೊಂಡು ಒಂದು ತಿಂಗಳು ಓದಿದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲಿಗೆ, ರೋಬೋಟ್ ಅಂದ್ರೆ ಸಿನಿಮಾದ ರೋಬೋಟ್ ಅಲ್ಲ. ಡಾಕ್ಟರು ಚಾ ಕುಡೀತಾ ಕೂತು ಮಶೀನು ತಾನೇ ಕೊಯ್ಯೋದಿಲ್ಲ. ತೊಡೆ ಮೂಳೆಗೂ ಕಣಕಾಲ ಮೂಳೆಗೂ ಪಿನ್ನು ಚುಚ್ಚಿ ಗುರುತು ಕೂರಿಸ್ತಾರೆ. ಕ್ಯಾಮೆರಾ ಆ ಗುರುತು ನೋಡಿ ಕಾಲು ಎಲ್ಲಿದೆ ಅಂತ ಲೆಕ್ಕ ಇಡುತ್ತೆ. ಕೆಲವು ಮಶೀನಿಗೆ ಮೊದಲೇ ಸಿಟಿ ಸ್ಕ್ಯಾನ್ ಬೇಕು. ಮೂಳೆ ಎಷ್ಟು ಕತ್ತರಿಸಬೇಕು ಅನ್ನೋ ಗೆರೆಯನ್ನ ಸರ್ಜನ್ ಮೊದಲೇ ನಿರ್ಧರಿಸ್ತಾರೆ. ಮಶೀನು ಗೆರೆ ದಾಟದ ಹಾಗೆ ಕೈ ಹಿಡಿಯುತ್ತೆ ಅಥವಾ ಗರಗಸಕ್ಕೆ ದಾರಿ ತೋರಿಸುತ್ತೆ. ಅಳತೆ ಹೆಚ್ಚು ಕರಾರುವಾಕ್ಕಾಗಿ ಬರುತ್ತೆ ಅನ್ನೋದು ನಿಜ. ಅದನ್ನ ನಾನು ಅಲ್ಲಗಳೆಯಲ್ಲ.

ಆದರೆ ಅಳತೆ ಚೆನ್ನಾಗಿ ಬಂದ ಮಾತ್ರಕ್ಕೆ ನಡಿಗೆ ಚೆನ್ನಾಗಿ ಬಂತಾ? ಕೊರಿಯಾದಲ್ಲಿ ಸುಮಾರು 1,400 ರೋಗಿಗಳನ್ನು, ಚೀಟಿ ಎತ್ತಿದ ಹಾಗೆ, ಎರಡು ಗುಂಪು ಮಾಡಿದರು. ಅರ್ಧ ಜನಕ್ಕೆ ರೋಬೋಟ್, ಅರ್ಧ ಜನಕ್ಕೆ ಸಾದಾ. ಸರಾಸರಿ 13 ವರ್ಷ ಅವರನ್ನು ಗಮನಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಿನಲ್ಲಿ, ಓಡಾಟದಲ್ಲಿ, ಕೀಲಿನ ಬಾಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 15 ವರ್ಷದ ಲೆಕ್ಕದಲ್ಲಿ ಎರಡೂ ಕಡೆ ನೂರಕ್ಕೆ 98 ಕೀಲು ಗಟ್ಟಿಯಾಗಿದ್ದವು.

"ಅದು ಹಳೇ ರೋಬೋಟು ಮಾರಾಯಾ, ಈಗಿನದು ಬೇರೆ" ಅಂತೀರಿ. ಒಪ್ಪಿದೆ, ಅದು ರೋಬೋಡಾಕ್ ಅನ್ನೋ ಹಳೇ ತಲೆಮಾರಿನ ಮಶೀನು. ಆದರೆ ಹೊಸದರ ವಯಸ್ಸೆಷ್ಟು? ಮೇಕೋ ಮಶೀನಿನಲ್ಲಿ ಪೂರ್ತಿ ಮೊಣಕಾಲು ಬದಲಿಸಲು ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 2015ರಲ್ಲಿ. ಇಪ್ಪತ್ತು ವರ್ಷ ಬಾಳಿಕೆ ಬರುತ್ತೋ ಇಲ್ಲವೋ ಹೇಳೋಕೆ ಇಪ್ಪತ್ತು ವರ್ಷ ಆಗಬೇಕಲ್ಲ? ಬ್ರಿಟನ್ನಿನ ನೈಸ್ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಇವುಗಳನ್ನ ಬಳಸಬಹುದು ಅಂದಿತು, ಆದರೆ ಸಾಕ್ಷ್ಯ ಕೂಡಿಹಾಕ್ತಾ ಬಳಸಿ ಅನ್ನೋ ಷರತ್ತಿನ ಮೇಲೆ. ಅಲ್ಲಿ ಪರೀಕ್ಷೆ ಇನ್ನೂ ನಡೀತಿದೆ. ಇಲ್ಲಿ ನಮಗೆ ರಿಸಲ್ಟ್ ಬಂದಾಗಿದೆ ಅಂತ ಮಾರ್ತಿದ್ದಾರೆ!

ಇನ್ನು ಸಾದಾ ಆಪರೇಷನ್ ಏನು ಕಳಪೆಯಾ? 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಿಸಿದ ಮೊಣಕಾಲುಗಳಲ್ಲಿ ನೂರಕ್ಕೆ 82 ಇಪ್ಪತ್ತೈದು ವರ್ಷ ಬಾಳಿವೆ. ಅವು ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯ ಕೆಲಸ.

ದುಡ್ಡಿನ ವಿಷಯಕ್ಕೆ ಬರೋಣ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಕೃತಕ ಕೀಲಿಗೆ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚಾಗಿ ಬಳಸೋ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೂ ಮುಂಚೆ ಅದೇ ಕೀಲಿಗೆ ಒಂದೂವರೆ ಲಕ್ಷದ ಮೇಲೆ ಕೀಳ್ತಿದ್ದರು. ಒಳ್ಳೇ ಕೆಲಸ ಆಯ್ತು. ಆದರೆ ಆ ಆದೇಶ ಹಿಡಿದಿದ್ದು ಕೀಲಿನ ಬೆಲೆಯನ್ನು ಮಾತ್ರ. ಥಿಯೇಟರು, ಡಾಕ್ಟರ ಫೀಸು, ಮಶೀನಿನ ಚಾರ್ಜು ಅದರ ಹೊರಗೇ ಉಳಿದವು. ಕೋಟಿಗಟ್ಟಲೆ ಕೊಟ್ಟು ತಂದ ಮಶೀನು ಸುಮ್ಮನೆ ನಿಲ್ಲೋಕಾಗಲ್ಲ, ಅದಕ್ಕೆ ದಿನಾ ಮೊಣಕಾಲು ಬೇಕು. ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್ ಕಡೆ ಹೆದ್ದಾರಿಯಲ್ಲಿ ಹೋಗ್ತಾ ಬೋರ್ಡು ನೋಡಿದಾಗೆಲ್ಲ ನನಗೆ ಕಾಣೋದು ಈ ಲೆಕ್ಕಾಚಾರ.

ನನಗೆ ಸಿಟ್ಟು ಬಂದಿದ್ದು ದುಡ್ಡಿಗಿಂತ ಹೆಚ್ಚಾಗಿ ಇನ್ನೊಂದಕ್ಕೆ. ಆ ರೋಬೋಟ್ ಮಾರಾಟವಾಗೋದು ಅವ್ವಂದಿರಿಗಲ್ಲ, ನಮ್ಮಂಥ ಮಕ್ಕಳಿಗೆ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರಿಗೆ ಎದೆಯಲ್ಲೊಂದು ಅಳುಕು ಇರುತ್ತೆ. "ತಾಯಿಗೆ ಬೆಸ್ಟ್ ಕೊಡಿಸಲ್ವಾ ಸರ್?" ಅಂದ ಕೂಡಲೇ ಅಳುಕು ಪರ್ಸು ತೆಗೆಯುತ್ತೆ. ನಾನೂ ತೆಗೆದಿದ್ದೆ. ತಡೆದಿದ್ದು ಅವ್ವನ ರೊಟ್ಟಿಯ ಪ್ರಶ್ನೆ. ನಮ್ಮ ಕಾಕಾ ಅಂತೂ ಒಂದು ಎಕರೆ ಕೊಟ್ಟರಾಯ್ತು ಅಂದುಬಿಟ್ಟಿದ್ದ!

ಹಾಗಾದ್ರೆ ಏನು ಕೇಳಬೇಕು? ನಾನು ಈಗ ಇವಿಷ್ಟು ಕೇಳ್ತೀನಿ. ಈ ಸರ್ಜನ್ ವರ್ಷಕ್ಕೆ ಎಷ್ಟು ಮೊಣಕಾಲು ಮಾಡ್ತಾರೆ? ಸೋಂಕು ಎಷ್ಟು ಜನಕ್ಕೆ ಆಗಿದೆ? ಕೀಲಿನ ಕಂಪನಿ, ಮಾಡೆಲ್ಲು, ಬೆಲೆ ಬಿಲ್ಲಿನಲ್ಲಿ ಬೇರೆಯಾಗಿ ಬರುತ್ತಾ? ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸೋರು ಯಾರು? ಕೊನೆಯದು ಬಹಳ ಮುಖ್ಯ. ಎಷ್ಟೇ ಚೆನ್ನಾಗಿ ಕೀಲು ಕೂರಿಸಿದರೂ ಮೊದಲ ವಾರಗಳಲ್ಲಿ ಮಡಚಿ ನೀಡಿ ಮಾಡಿಸದಿದ್ದರೆ ಕಾಲು ಬಿಗಿದುಕೊಳ್ಳುತ್ತೆ. ನಾರಾಯಣಪುರಕ್ಕೆ ಯಾವ ರೋಬೋಟೂ ಬಂದು ಅವ್ವನ ಕಾಲು ಮಡಚೋದಿಲ್ಲ. ಆ ಒಂದು ಲಕ್ಷದಲ್ಲಿ ಎಷ್ಟು ತಿಂಗಳ ಫಿಸಿಯೋಥೆರಪಿ ಬರುತ್ತೆ, ಲೆಕ್ಕ ಹಾಕಿ.

ಇನ್ನೊಂದು ಮಾತು. ಆಯುಷ್ಮಾನ್ ಭಾರತ ಯೋಜನೆಯ ಪಟ್ಟಿಯಲ್ಲಿ ಮೊಣಕಾಲು ಬದಲಿಯೂ ಇದೆ. ದೊಡ್ಡೂರಿನ ದಾರಿ ಹಿಡಿಯೋ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 371ಜೆ ತಂದುಕೊಂಡ, 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟುಕೊಂಡ ನಾವು ಕೇಳಬೇಕಾದದ್ದು ಬೀದರಿನ ಬ್ರಿಮ್ಸ್‌ನಲ್ಲಿ ಸಾದಾ ಮೊಣಕಾಲು ಆಪರೇಷನ್ ಕಾಯಿಸದೆ ಆಗಲಿ, ತಾಲ್ಲೂಕಿನಲ್ಲೇ ಫಿಸಿಯೋಥೆರಪಿ ಸಿಗಲಿ ಅಂತ. ರೋಬೋಟ್ ಆಮೇಲೆ ಬರಲಿ, ಬೇಡ ಅನ್ನಲ್ಲ.

ಅವ್ವನದು ದೀಪಾವಳಿ ಆದ ಮೇಲೆ. ಕೈ ಪಳಗಿದ ಸರ್ಜನ್, ರೋಬೋಟ್ ಇಲ್ಲ. ರೊಟ್ಟಿಗೆ ಎತ್ತರದ ಕಟ್ಟೆ ಕಟ್ಟಿಸ್ತಿದ್ದೀನಿ, ನಿಂತೇ ಬಡೀಲಿ. "ನಿಂತು ಬಡಿದ್ರ ರುಚಿ ಬರಲ್ಲ" ಅಂತ ಈಗಲೇ ತಕರಾರು ಶುರುವಾಗಿದೆ :)

ನಿಮ್ಮ ಮನೆಯಲ್ಲಿ ಯಾರಿಗಾದರೂ ರೋಬೋಟಿನಲ್ಲಿ ಮಾಡಿಸಿದ್ದರೆ ಹೇಗಾಯ್ತು ಬರೀರಿ. ನಾನು ಹೇಳಿದ್ದು ತಪ್ಪು ಅನ್ನಿಸಿದರೂ ಬರೀರಿ, ಜಗಳ ಆಡೋಣ.