ಸ್ನಾಯುವಿಗೆ ಗಂಡು ಹೆಣ್ಣು ಗೊತ್ತಿಲ್ಲ



ನಮ್ಮ ಮನೆಯಲ್ಲಿ ಸಂಜೆ ಎರಡು ತತ್ತಿ ಕುದಿಸಿದರೆ ಎರಡೂ ಅಣ್ಣನ ತಾಟಿಗೆ ಬೀಳುತ್ತವೆ. ಹಾಲಿನ ದೊಡ್ಡ ಲೋಟವೂ ಅವನದೇ. "ಯಾಕವ್ವ ಹಿಂಗ?" ಅಂತ ಒಂದಿನ ಕೇಳಿದೆ. "ಅವ ತಾಲೀಮಿಗೆ ಹೋಗ್ತಾನ, ಮೈ ಹುರಿ ಆಗಬೇಕಲ್ಲ. ನೀ ಏನ್ ಕುಸ್ತಿ ಹಿಡೀತಿ?" ಅಂದಳು ಅವ್ವ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ವಿಜ್ಞಾನ ಪುಸ್ತಕ ತೆಗೆದು ನೋಡಿದೆ, ಗುರುಗಳನ್ನೂ ಕೇಳಿದೆ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ನಾಯು ಅಂದರೆ ಸಣ್ಣ ಸಣ್ಣ ಎಳೆಗಳ ಕಟ್ಟು. ಶಹಾಪುರ, ವಡಗಾವಿ ಕಡೆ ಮಗ್ಗದ ಮೇಲೆ ನೂಲು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದಂಡ ಹೊಡೆದಾಗ, ಬೈಠಕ್ ತೆಗೆದಾಗ, ಭಾರ ಎತ್ತಿದಾಗ ಈ ಎಳೆಗಳ ಮೇಲೆ ಜಗ್ಗಾಟ ಬೀಳುತ್ತದೆ. ಆಗ ದೇಹ ಎಚ್ಚರಗೊಂಡು, ಊಟದಲ್ಲಿನ ಪ್ರೋಟೀನಿನಿಂದ ಅಮೈನೋ ಆಮ್ಲ ತೆಗೆದುಕೊಂಡು ಎಳೆಗಳನ್ನು ರಿಪೇರಿ ಮಾಡಿ ದಪ್ಪ ಮಾಡುತ್ತದೆ. ಈ ಕೆಲಸ ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ನಡೆದಿರುತ್ತದೆ. ಅದಕ್ಕೇ ಊಟ ಮತ್ತು ನಿದ್ದೆ ಎರಡೂ ತಾಲೀಮಿನ ಭಾಗವೇ.

ನಮ್ಮ ಅಣ್ಣ ಮೊದಲನೆಯ ದಿನವೇ ಹುರುಪಿನಿಂದ 200 ಬೈಠಕ್ ತೆಗೆದ. ಮರುದಿನ, ಅದರ ಮರುದಿನ ಮೆಟ್ಟಿಲು ಹತ್ತಲಿಕ್ಕೆ ಬರಲಿಲ್ಲ! ರೂಢಿ ಇಲ್ಲದ ಕೆಲಸ ಮಾಡಿದರೆ ನೋವು ಒಂದರಿಂದ ಮೂರು ದಿನದ ಒಳಗೆ ಜೋರಾಗುತ್ತದಂತೆ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನಡುವೆ ಬಿಡುವು ಕೊಟ್ಟವನೇ ಜಾಣ.

ಈಗ ನನ್ನ ವಿಚಾರಕ್ಕೆ ಬರುತ್ತೇನೆ. 15 ಲೀಟರಿನ ಕೊಡ ಅಂದರೆ ಬರೀ ನೀರೇ 15 ಕಿಲೋ. ನಾನೂ ಅವ್ವನೂ ದಿನಾ ಅಂಥ ಆರೇಳು ಕೊಡ ಹೊರುತ್ತೇವೆ. ಸೆಗಣಿ ಬುಟ್ಟಿ, ಕಟ್ಟಿಗೆ ಹೊರೆ ಬೇರೆ. ಅಣ್ಣನ ತೋಳಿನ ಮೇಲೆ ಬಿದ್ದ ಭಾರ ಭಾರ, ನಮ್ಮ ಸೊಂಟದ ಮೇಲೆ ಬಿದ್ದದ್ದು ಹತ್ತಿಯೇನು?

"ಹುಡುಗರ ಮೈಕಟ್ಟೇ ಬೇರೆ" ಅಂತ ಕೆಲವರು ಅನ್ನಬಹುದು. ಅದೂ ಖರೆ. ವಯಸ್ಸಿಗೆ ಬಂದ ಹುಡುಗರಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಹೆಚ್ಚು, ಅದರಿಂದ ಅವರ ಸ್ನಾಯು ಹೆಚ್ಚು ದಪ್ಪ ಆಗುತ್ತದೆ. ಆದರೆ ರಿಪೇರಿಯ ರೀತಿ ಇಬ್ಬರಿಗೂ ಒಂದೇ. ನಮ್ಮ ವಯಸ್ಸಿನವರಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 1 ಗ್ರಾಂ ಪ್ರೋಟೀನು ಬೇಕು ಎಂದು ಲೆಕ್ಕ ಹಿಡಿಯಬಹುದು. 40 ಕಿಲೋ ಹುಡುಗನಿಗೂ 40 ಗ್ರಾಂ, 40 ಕಿಲೋ ಹುಡುಗಿಗೂ 40 ಗ್ರಾಂ. ಮೇಲಾಗಿ ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹುಡುಗಿಯರಿಗೆ ಕಬ್ಬಿಣದ ಅಂಶ ಇನ್ನೂ ಹೆಚ್ಚು ಬೇಕು. ಕಬ್ಬಿಣ ಕಡಿಮೆಯಾದರೆ ಸ್ನಾಯುವಿಗೆ ಆಮ್ಲಜನಕ ಸಾಕಷ್ಟು ಮುಟ್ಟುವುದಿಲ್ಲ, ನಡೆದರೂ ದಣಿವು. ವಿಜ್ಞಾನದ ಮಾತು ಬರೆಯಲು ನಾಚಿಕೆ ಯಾಕೆ?

ನಮ್ಮದು ಕುಸ್ತಿಯ ಸೀಮೆ. ಬೆಳಗಾವಿಯ ಆನಂದವಾಡಿ ಆಖಾಡದ ಹೆಸರು ಕೇಳದವರಿಲ್ಲ. ಪಕ್ಕದ ಕೊಲ್ಲಾಪುರದಲ್ಲಿ ಕಲಿತ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಪದಕ. ಈ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಬೆಳಗಾವಿಯ ಮಲಪ್ರಭಾ ಜಾಧವ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ 52 ಕಿಲೋ ವಿಭಾಗದ ಕಂಚು ತಂದದ್ದು ಎಷ್ಟು ಮಂದಿಗೆ ಗೊತ್ತು? ಅವ್ವನಿಗೆ ಹೇಳಿದೆ, "ಹೆಣ್ಣಮಕ್ಕಳೂ ಕುಸ್ತಿ ಹಿಡೀತಾರ ನೋಡವ್ವ" ಅಂತ.

ರೊಕ್ಕ ಎಲ್ಲಿಂದ ತರೋದು ಅನ್ನಬೇಡಿ. ಪೇಟೆಯ ಡಬ್ಬಿ ಪೌಡರು ನಮಗೆ ಬೇಕಾಗಿಲ್ಲ. ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಜೋಳದ ರೊಟ್ಟಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಹೆಚ್ಚು. ಅದಕ್ಕೇ ರೊಟ್ಟಿ ಜೊತೆ ಜುಣಕ, ಮಡಿಕೆಕಾಳಿನ ಉಸಳಿ ತಿನ್ನುವ ನಮ್ಮ ಹಿರಿಯರ ಪದ್ಧತಿ ಬಹಳ ಚಲೋದು. ಶಾಲೆಯಲ್ಲಿ 2013ರಿಂದ ಹಾಲು ಬಂದಿದೆ, ಈಗ ತತ್ತಿಯೂ ಇದೆ, ಬೇಡವಾದವರಿಗೆ ಬಾಳೆಹಣ್ಣು. ಶಾಲೆಯ ಸಾಲಿನಲ್ಲಿ ಹುಡುಗ ಹುಡುಗಿ ಅಂತ ಭೇದ ಇಲ್ಲ. ಮನೆಯ ಪಂಕ್ತಿಯಲ್ಲಿ ಯಾಕೆ?

ಗುರುಗಳಲ್ಲಿ ನನ್ನ ವಿನಂತಿ ಒಂದೇ. ಆಟದ ಪಿರಿಯಡ್ಡಿನಲ್ಲಿ ಹುಡುಗರು ಮೈದಾನಕ್ಕೆ, ಹುಡುಗಿಯರು ಕಸ ಹೊಡೆಯಲಿಕ್ಕೆ ಎಂಬುದು ಇನ್ನು ಬೇಡ. ನಮಗೂ ಓಟ, ಕಬಡ್ಡಿ, ದಂಡ, ಬೈಠಕ್ ಕಲಿಸಿರಿ.

ಇದನ್ನು ಇಲ್ಲಿ ಅಂಟಿಸುವ ಮೊದಲು ಮನೆಯಲ್ಲಿ ಓದಿ ತೋರಿಸಿದೆ. ಅಣ್ಣ ನಕ್ಕ. ಆದರೆ ರಾತ್ರಿ ತನ್ನ ತಾಟಿನಿಂದ ಒಂದು ತತ್ತಿ ತೆಗೆದು ನನ್ನ ತಾಟಿಗೆ ಹಾಕಿದ. ಅವ್ವ ನೋಡಿದಳು, ಏನೂ ಅನ್ನಲಿಲ್ಲ. ನಾನು ಅದರಲ್ಲಿ ಅರ್ಧ ಮುರಿದು ಅವ್ವನಿಗೆ ಕೊಡಲಿಕ್ಕೆ ಹೋದೆ. "ನನಗ್ಯಾಕ, ನೀ ತಿನ್ನು" ಅಂದಳು. ಕೊಡ ಹೊರುವವರಲ್ಲಿ ಅವಳೂ ಒಬ್ಬಳು ಎಂಬುದನ್ನು ಅವಳಿಗೆ ತಿಳಿಸಿ ಹೇಳುವುದು ಇನ್ನೂ ಉಳಿದಿದೆ.

— 9ನೆಯ ತರಗತಿಯ ವಿದ್ಯಾರ್ಥಿನಿ