ಘಾಟಿ ಜಾತ್ರೆಯಿಂದ ಮಾದಾವರದವರೆಗೆ

ಮಾರ್ಗಶಿರ, ಪುಷ್ಯದ ಚಳಿಯಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಕೂಡುವ ದನಗಳ ಜಾತ್ರೆಯನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯಲ್ಲಿಯೇ ವಸ್ತು ಪ್ರದರ್ಶನದ ತತ್ತ್ವ ಅಡಗಿದೆ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಹತ್ತು ಸರಕುಗಳನ್ನು ಒಂದೆಡೆ ಹೋಲಿಸಿ ನೋಡುವುದೇ ಆ ತತ್ತ್ವ.

ಜರ್ಮನಿಯ ಲೈಪ್‌ಜಿಗ್ ನಗರದ ಸಂತೆಯೂ ಮಧ್ಯಯುಗದಿಂದ ಹೆಸರಾದುದು. ರೈಲು ಬಂದ ಮೇಲೆ ಸರಕನ್ನೆಲ್ಲ ಹೊತ್ತು ತರುವ ಅಗತ್ಯ ತಪ್ಪಿತು. 1895ರಲ್ಲಿ ಅಲ್ಲಿ ಮಾದರಿಗಳನ್ನಷ್ಟೇ ತೋರಿಸಿ ಬೇಡಿಕೆ ಪಡೆಯುವ ಮೇಳ ನಡೆಯಿತು. ಇಂದಿನ ವ್ಯಾಪಾರ ಮೇಳಗಳು ಅದರ ಸಂತತಿಯೇ.

ನಮ್ಮ ದೇಶದಲ್ಲಿ 1946ರಲ್ಲಿ ಸ್ಥಾಪಿತವಾದ ಯಂತ್ರೋಪಕರಣ ತಯಾರಕರ ಸಂಘವು 1969ರಲ್ಲಿ ಮುಂಬಯಿಯಲ್ಲಿ ‘ಇಮ್‌ಟೆಕ್ಸ್’ ಮೇಳವನ್ನು ಆರಂಭಿಸಿತು. ಅದೇ ಸಂಘವು ತುಮಕೂರು ರಸ್ತೆಯ ಮಾದಾವರದಲ್ಲಿ ಕಟ್ಟಿಸಿದ ಬೆಂಗಳೂರು ಅಂತರರಾಷ್ಟ್ರೀಯ ವಸ್ತು ಪ್ರದರ್ಶನ ಕೇಂದ್ರವು 2007ರಲ್ಲಿ ತೆರೆಯಿತು. 2024ರ ನವೆಂಬರಿನಿಂದ ಮೆಟ್ರೋ ರೈಲೂ ಅಲ್ಲಿಗೆ ಬರುತ್ತಿದೆ. ನೆಲಮಂಗಲದವರಿಗಂತೂ ಅದು ಮನೆಯ ಬಾಗಿಲಿನಷ್ಟು ಹತ್ತಿರ.

ಇಷ್ಟು ಸಮೀಪವಿದ್ದರೂ ನಮ್ಮವರು ಅದರ ಪ್ರಯೋಜನ ಪಡೆಯುತ್ತಿರುವರೇ? ಪೀಣ್ಯದಲ್ಲಿ, ದೊಡ್ಡಬಳ್ಳಾಪುರದಲ್ಲಿ ಒಂದೆರಡು ಲೇತ್ ಹಾಕಿಕೊಂಡು ಬಿಡಿಭಾಗ ತಯಾರಿಸುವ ಮನೆಗಳು ಅನೇಕ. ಇವುಗಳಲ್ಲಿ ಒಂದೇ ಕಾರ್ಖಾನೆಯ ಆರ್ಡರನ್ನು ನಂಬಿದವು ಕಡಿಮೆಯೇನಲ್ಲ. ಆ ಆರ್ಡರು ನಿಂತ ತಿಂಗಳಲ್ಲಿ ಬ್ಯಾಂಕಿನ ಕಂತು, ಮಕ್ಕಳ ಶುಲ್ಕ ಎರಡೂ ನಿಲ್ಲುತ್ತವೆ. ಎರಡನೆಯ, ಮೂರನೆಯ ಗಿರಾಕಿಯನ್ನು ಹುಡುಕಲು ಊರೂರು ಅಲೆಯಬೇಕು. ಮೇಳದಲ್ಲಾದರೋ ಅವರೇ ನಾಲ್ಕಾರು ದಿನ ಒಂದೇ ಸೂರಿನಡಿ ದೊರೆಯುತ್ತಾರೆ.

ಮಳಿಗೆಯ ಬಾಡಿಗೆ ಹಗುರವಲ್ಲ, ನಿಜ. ಆದುದರಿಂದ ಮೊದಲ ಸಲ ನೋಡುಗರಾಗಿಯೇ ಹೋಗಬೇಕು. ನಮ್ಮಂಥ ಕೆಲಸ ಮಾಡುವವರು ಯಾವ ಯಂತ್ರ ಬಳಸುತ್ತಾರೆ, ಯಾವ ದರ ಹೇಳುತ್ತಾರೆ ಎಂಬುದನ್ನು ಅರಿಯಬೇಕು. ಅವಕಾಶವಿದ್ದಲ್ಲಿ ಮುಂದಿನ ಸಲ ಎರಡು ಮೂರು ಮನೆಯವರು ಕೂಡಿ ಮಳಿಗೆ ಹಿಡಿಯಬಹುದು. ಬಂದವರ ಹೆಸರು, ಬೇಡಿಕೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು ವಾರದೊಳಗೆ ಉತ್ತರಿಸಬೇಕು. ಇದನ್ನು ಮರೆತರೆ ಹೂಡಿದ ಹಣ ವ್ಯರ್ಥ.

ತುಮಕೂರಿನ ಸಿದ್ಧಗಂಗೆಯ ಜಾತ್ರೆಯಲ್ಲಿ ಕೃಷಿ ಹಾಗೂ ಕೈಗಾರಿಕಾ ವಸ್ತು ಪ್ರದರ್ಶನವೂ ನಡೆಯುವುದನ್ನು ನಾವು ಬಲ್ಲೆವು. ಮಠದ ಅಂಗಳದಲ್ಲೇ ಕಾಯಕಕ್ಕೆ ಇಂಥ ಸ್ಥಾನವಿರುವಾಗ, ತಮ್ಮ ಕೈಯ ಕೆಲಸವನ್ನು ನಾಲ್ಕು ಜನರ ಮುಂದಿಡಲು ನಮ್ಮ ತರುಣರು ಸಂಕೋಚಪಡಬೇಕಾಗಿಲ್ಲ. ತೋರಿಸಿದ ಮಾದರಿಯಂತೆಯೇ ಸರಕನ್ನೂ ಒಪ್ಪಿಸಿದರೆ ಒಮ್ಮೆ ಬಂದ ಗಿರಾಕಿ ಮತ್ತೆ ಬರುವನು.